ಬಿಡ್ರಿ ಅಂದರೆ ಬಿಡುವುದಲ್ಲ

ಡ್ಯಾನ್‌ವಿಲ್‌ನಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಅನಘಾ ಈಚೆಗೆ ಸಮುದ್ರ ಸಂಶೋಧನೆಯ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಯುಗಾದಿ ಊಟದ ದಿನ ತಟ್ಟೆ ಹಿಡಿದುಕೊಂಡು ನನ್ನ ಪಕ್ಕ ಬಂದು ಕುಳಿತು, "ಆಂಟಿ, ಸಮುದ್ರದ ತಳದಿಂದ ಕಲ್ಲು ತೆಗೆಯೋದು ಅಂದ್ರೆ ಆಕ್ಚುಲಿ ಹೇಗಿರುತ್ತೆ?" ಎಂದು ಕೇಳಿದಳು. ನನ್ನ ಬಾಯಿಗೆ ಬಂದದ್ದು ಒಂದೇ ಮಾತು: "ವಾಂತಿ." ಹೋಳಿಗೆ ತಿನ್ನುತ್ತಿದ್ದ ಹುಡುಗಿಗೆ ಹಾಗೆ ಹೇಳಬಾರದಿತ್ತು. ಅವಳ ಅಮ್ಮ ಕಣ್ಣಲ್ಲೇ ನನ್ನನ್ನು ಗದರಿಸಿದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿ ಈಗ ಬರೆಯಲು ಕುಳಿತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಯಾವ ಫಲಕ ಕೊಟ್ಟರು ಎಂಬುದನ್ನು ಹೇಳಹೊರಟರೆ ನನಗೇ ನಿದ್ದೆ ಬರುತ್ತದೆ. ಅದನ್ನು ಬಿಟ್ಟು ಉಳಿದದ್ದನ್ನು ಹೇಳುತ್ತೇನೆ.

ನಾನು ಬಾಗಲಕೋಟೆಯವಳು. ಧಾರವಾಡದಲ್ಲಿ ಭೂವಿಜ್ಞಾನ ಓದಿದವಳು. ಮದುವೆಯಾಗಿ ಮೌಂಟನ್ ವ್ಯೂನ ಬಾಡಿಗೆ ಅಪಾರ್ಟ್‌ಮೆಂಟಿಗೆ ಬಂದಾಗ, ಗಂಡ ಆಫೀಸಿಗೆ ಹೋದ ಮೇಲೆ ಕಿಟಕಿಯಿಂದ ರೈಲು ನೋಡುತ್ತ ಕೂರುವುದೇ ನನ್ನ ಕೆಲಸವಾಗಿತ್ತು. ಕೊನೆಗೂ ಕೆಲಸ ಮಾಡುವ ಪರವಾನಗಿ ಬಂತು. ಕರಾವಳಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಜರಡಿ ತೊಳೆಯಲು ಜನ ಬೇಕಾಗಿದ್ದಾರೆ ಎಂದು ತಿಳಿದು ಅರ್ಜಿ ಹಾಕಿದೆ. ಸಂದರ್ಶನ ಮಾಡಿದವರು ಮೇರಿಯನ್. ಸಮುದ್ರದ ತಳದ ಪದರಗಲ್ಲುಗಳ ವಿಷಯದಲ್ಲಿ ಎತ್ತಿದ ಕೈ ಎಂದು ಹೆಸರಾದವರು. ಕುಳ್ಳಗಿನ ಹೆಂಗಸು, ಕಾಲಿಗೆ ಗಂಡಸರ ಬೂಟು, ಮೂಗಿನ ತುದಿಗೆ ಇಳಿದ ಕನ್ನಡಕ. ನನ್ನ ಸರ್ಟಿಫಿಕೇಟುಗಳನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಬೂದು ಬಣ್ಣದ ಕೆಸರಿನ ಉಂಡೆಯೊಂದನ್ನು ಮೇಜಿನ ಮೇಲಿಟ್ಟು, "ಇದೇನು ಹೇಳಿ" ಎಂದರು.

ಧಾರವಾಡದಲ್ಲಿ ನಮ್ಮ ಸರ್ ಕಲಿಸಿದ್ದಂತೆ ನಾನು ಅದರಿಂದ ಒಂದು ಚೂರು ಚಿವುಟಿ, ಮುಂದಿನ ಹಲ್ಲುಗಳ ನಡುವೆ ಇಟ್ಟು ಕಡಿದೆ. ಹಲ್ಲಿಗೆ ಕರಕರ ಎಂದರೆ ಅದರಲ್ಲಿ ನವುರಾದ ಮರಳಿದೆ. ಬೆಣ್ಣೆಯಂತೆ ಜಾರಿದರೆ ಬರೀ ಜೇಡಿಮಣ್ಣು. ಇದು ಕರಕರ ಎಂದಿತು. ಹಾಗೆಂದು ಹೇಳಿದೆ. ಮೇರಿಯನ್ ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡರು, ಕಡಿದರು, ತಲೆಯಾಡಿಸಿದರು. "ಸೋಮವಾರ ಬನ್ನಿ" ಎಂದರು. ನಮ್ಮಿಬ್ಬರ ಸ್ನೇಹ ಶುರುವಾದದ್ದು ಹೀಗೆ, ಒಂದೇ ಉಂಡೆಯ ಮಣ್ಣು ಹಂಚಿಕೊಂಡು ತಿಂದು.

ಆ ವಾರ ಬಾಗಲಕೋಟೆಗೆ ಫೋನು ಮಾಡಿ ಅವ್ವನಿಗೆ ಸುದ್ದಿ ಹೇಳಿದೆ.

"ಕೆಲಸ ಹೆಂಗ ಸಿಕ್ತ ನಿನಗ?" ಎಂದಳು.

"ಮಣ್ಣ ತಿಂದು ತೋರ್ಸಿದೆ ಅವ್ವಾ."

ನಮ್ಮ ಕಡೆ ಬಾಯಿಗೆ ಮಣ್ಣು ಬಿತ್ತು ಅಂದರೆ ಅನ್ನಕ್ಕೆ ಕಲ್ಲು ಬಿತ್ತು ಎಂದೇ ಅರ್ಥ. ಜಗಳ ತಾರಕಕ್ಕೆ ಏರಿದಾಗ ಹೆಂಗಸರು ಕೈ ತಿರುವಿ ಶಾಪ ಹಾಕುವ ಮಾತು ಅದು.

"ಎಂಥಾ ಮಾತ ಆಡ್ತೀ? ನಿನ್ನ ಅಷ್ಟ ಓದಿಸಿದ್ದು ಪರದೇಶದಾಗ ಮಣ್ಣ ತಿನ್ನಾಕೇನ? ಅಳಿಯಂದ್ರು ಮನಿಗೆ ಅಕ್ಕಿ-ಬ್ಯಾಳಿ ತರ್ತಾರೋ ಇಲ್ಲೋ?"

"ಬಾಯಾಗ ಮಣ್ಣ ಬಿತ್ತಂತನ ಅನ್ನ ಸಿಕ್ಕೇತಿ ಅವ್ವಾ" ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ. ಮರುದಿನವೇ ಬನಶಂಕರಿಗೆ ಹೋಗಿ ದೇವಿಗೆ ಉಡಿ ತುಂಬಿ ಬಂದಳಂತೆ. ಮುಂದೆ ನನ್ನ ಮಗಳು ಮೇಘನಾ ಶಾಲೆಯಲ್ಲಿ, "ಮೈ ಮಾಮ್ ಈಟ್ಸ್ ಮಡ್ ಫಾರ್ ಎ ಲಿವಿಂಗ್" ಎಂದು ಹೇಳಿ, ಅವಳ ಟೀಚರ್ ನನಗೆ ಫೋನು ಮಾಡಿದ್ದೂ ಉಂಟು. ಅನಘಾ, ನೀನು ಮಾತ್ರ ತಿನ್ನಬೇಡ. ಈಗ ಅದಕ್ಕೆ ಯಂತ್ರ ಬಂದಿದೆ, ಸುರಕ್ಷತೆಯ ನಿಯಮಗಳು ಬಂದಿವೆ, ಕೆಸರಿನಲ್ಲಿ ಏನೇನು ವಿಷವಿದೆಯೋ ಯಾರಿಗೆ ಗೊತ್ತು. ಯಂತ್ರ ಕೆಟ್ಟ ದಿನ ಏನು ಮಾಡುವುದು ಎಂದು ಕೇಳಿದರೆ ಮಾತ್ರ ನಾನು ಆಚೆ ಕಡೆ ನೋಡುತ್ತೇನೆ.

ಇನ್ನು ವಾಂತಿಯ ವಿಷಯ. ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ಹಾದು ಹೊರಗೆ ಬರುವವರೆಗೆ ಎಲ್ಲರೂ ಡೆಕ್ಕಿನ ಮೇಲೆ ನಿಂತು ಫೋಟೋ ತೆಗೆಯುತ್ತಾರೆ. ಆಮೇಲೆ ತೆರೆದ ಸಮುದ್ರ ಹಡಗನ್ನು ಎತ್ತಿ ಎತ್ತಿ ಇಡಲು ತೊಡಗಿದಾಗ ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ನನ್ನ ಮೊದಲ ಯಾನದಲ್ಲಿ ನಾನು ನೋಡಿದ ಸಮುದ್ರವೆಲ್ಲ ಬಕೆಟ್ಟಿನೊಳಗೆ. ಮಾತ್ರೆ, ಶುಂಠಿ, ಮಣಿಕಟ್ಟಿನ ಪಟ್ಟಿ ಯಾವುದೂ ನಾಟಲಿಲ್ಲ. ಕೊನೆಗೆ ನನ್ನನ್ನು ಉಳಿಸಿದ್ದು ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ. ಒಣಗಿದ ರೊಟ್ಟಿ ಹೊಟ್ಟೆಯಲ್ಲಿ ಸುಮ್ಮನೆ ಕೂರುತ್ತದೆ, ತಿಂಗಳಾದರೂ ಕೆಡುವುದಿಲ್ಲ. ಮುಂದಿನ ಯಾನಗಳಲ್ಲಿ ಹಡಗಿನವರೇ ನನ್ನ ಡಬ್ಬಿ ಎಲ್ಲಿದೆ ಎಂದು ಹುಡುಕುವಂತಾಯಿತು. ಮೇರಿಯನ್ ಅದನ್ನು ಶೇಲ್ ಎಂದು ಕರೆಯುತ್ತಿದ್ದರು, ಪದರಪದರವಾಗಿ ಒಡೆಯುವ ಕೆಸರುಗಲ್ಲಿನ ಹೆಸರು ಅದು.

ಆಗ ನಾವು ಕಲ್ಲು ತೆಗೆಯುತ್ತಿದ್ದ ರೀತಿ ಹೇಳಿದರೆ ಈಗಿನವರು ನಗುತ್ತಾರೆ. ಕಬ್ಬಿಣದ ಬಾಯಿ ಇರುವ, ಸರಪಳಿಯಿಂದ ಹೆಣೆದ ಒಂದು ದೊಡ್ಡ ಚೀಲ. ಅದನ್ನು ಉಕ್ಕಿನ ಹಗ್ಗಕ್ಕೆ ಕಟ್ಟಿ ತಳಕ್ಕೆ ಇಳಿಸಿ ಹಡಗಿನಿಂದ ಎಳೆಯುತ್ತಿದ್ದೆವು. ಕತ್ತಲೆ ಕೋಣೆಯಲ್ಲಿ ಕಣ್ಣು ಕಟ್ಟಿಕೊಂಡು ಕಸ ಗುಡಿಸಿದಂತೆ. ಚೀಲ ಮೇಲೆ ಬಂದಾಗ ಅದರಲ್ಲಿ ಕಲ್ಲು, ಕೆಸರು, ನಕ್ಷತ್ರಮೀನು, ಏಡಿ ಹಿಡಿಯುವ ಹಳೆಯ ಬುಟ್ಟಿ, ಒಮ್ಮೆ ಒಂದು ಟಾಯ್ಲೆಟ್ ಕಮೋಡು ಕೂಡ ಬಂದಿತ್ತು. ಮೆತ್ತನೆಯ ತಳವಾದರೆ ಭಾರವಾದ ಕೊಳವೆಯನ್ನು ನೆಟ್ಟಗೆ ಬೀಳಿಸುತ್ತಿದ್ದೆವು. ಇಡ್ಲಿ ಬೆಂದಿದೆಯೋ ಇಲ್ಲವೋ ಎಂದು ಕಡ್ಡಿ ಚುಚ್ಚಿ ನೋಡುವ ಹಾಗೆ. ಗಟ್ಟಿ ಕಲ್ಲಿನ ಮೇಲೆ ಕೊಳವೆ ಬಿದ್ದರೆ ಅದೇ ಬಾಗಿ ಬರುತ್ತಿತ್ತು.

ಚೀಲದಲ್ಲಿ ಬಂದ ಪ್ರತಿ ಕಲ್ಲಿಗೂ ಮೇರಿಯನ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಇದು ಇಲ್ಲಿನ ಮನೆಯವನೋ, ಬಂದ ನೆಂಟನೋ? ತಳದ ಬಂಡೆಯಿಂದಲೇ ಕಿತ್ತು ಬಂದದ್ದಾದರೆ ಅದು ಆ ಜಾಗದ ಕಥೆ ಹೇಳುತ್ತದೆ. ಎಲ್ಲಿಂದಲೋ ಉರುಳಿ ಬಂದದ್ದೋ, ಹಳೆಯ ಹಡಗುಗಳು ಭಾರಕ್ಕೆಂದು ತುಂಬಿಕೊಂಡು ಆಮೇಲೆ ಎಸೆದು ಹೋದದ್ದೋ ಆದರೆ ಅದರ ಮಾತು ನಂಬುವಂತಿಲ್ಲ. ಹೊಸದಾಗಿ ಮುರಿದ ಮುಖ ಇದ್ದರೆ ಮನೆಯವನು ಎನ್ನಲು ಆಸೆ ಹುಟ್ಟುತ್ತದೆ. ಆದರೆ ಚೀಲಕ್ಕೆ ಕಣ್ಣಿಲ್ಲವಲ್ಲ, ಸಾಕ್ಷಿ ಹೇಳುವವರು ಯಾರು?

ನನಗೆ ಒಬ್ಬ ನೆಂಟ ಮರೆಯಲಾರದ ಪಾಠ ಕಲಿಸಿದ. ಒಂದು ಬೆಳಿಗ್ಗೆ ಚೀಲದ ಕೆಸರಿನಲ್ಲಿ ಕೆಂಪು ಕಲ್ಲಿನ ತುಂಡು ಕಂಡಿತು. ಕೆಂಪು ಅಂದರೆ ನಮ್ಮ ಬಾದಾಮಿಯ ಕೆಂಪು. ಚಿಕ್ಕಂದಿನಲ್ಲಿ ಆ ಬೆಟ್ಟದ ಕಲ್ಲುಗಳ ಮೇಲೆ ಹಳೆಯ ಅಲೆಗಳ ಗೆರೆ ನೋಡಿಯೇ ನಾನು ಈ ವಿದ್ಯೆಗೆ ಮರುಳಾದದ್ದು. ತಡೆಯಲಾಗದೆ, "ಮರಳುಗಲ್ಲು! ಕೆಂಪು ಮರಳುಗಲ್ಲು!" ಎಂದು ಕೂಗಿ ಎಲ್ಲರನ್ನೂ ಕರೆದೆ. ಮೇರಿಯನ್ ಬಂದರು, ಮೆದುಗೊಳವೆಯಿಂದ ನೀರು ಬಿಟ್ಟರು. ಕೆಸರು ತೊಳೆದುಹೋದಾಗ ಕಲ್ಲಿನ ಮೇಲೆ ಅಕ್ಷರಗಳು ಮೂಡಿದವು. ಇಟ್ಟಿಗೆ ಮಾಡಿದವರ ಹೆಸರು. ನನ್ನ ಮುಖ ಇಟ್ಟಿಗೆಗಿಂತ ಕೆಂಪಾಗಿತ್ತು. ಮೇರಿಯನ್ ನಗಲಿಲ್ಲ. "ಮನೆ ನೆನಪಾದವರಿಗೆ ಕಲ್ಲುಗಳೆಲ್ಲ ಪರಿಚಯದವರ ಹಾಗೆ ಕಾಣುತ್ತವೆ, ಎಚ್ಚರ" ಎಂದಷ್ಟೇ ಹೇಳಿದರು. ಆಮೇಲೆ ಆ ಇಟ್ಟಿಗೆಯನ್ನು ನನ್ನ ಕೋಣೆಯ ಬಾಗಿಲಿಗೆ ತಡೆಯಾಗಿ ಇಟ್ಟರು. ನಾನು ನಿವೃತ್ತಳಾಗುವವರೆಗೂ ಅದು ಅಲ್ಲೇ ಇತ್ತು.

ಅವರಿಗೂ ಅಂಥದೇ ಒಂದು ಹುಚ್ಚು ಇದೆ ಎಂದು ನನಗೆ ಗೊತ್ತಾದದ್ದು ನಿಧಾನವಾಗಿ. ದಕ್ಷಿಣದ ಕಡೆ ಸಮುದ್ರಕ್ಕೆ ಮುಖ ಮಾಡಿ ನಿಂತ ಒಂದು ಕಡಿದಾದ ಬಂಡೆ ಇದೆ. ಗಟ್ಟಿ ಮರಳುಗಲ್ಲು, ಅದರೊಳಗೆ ನೇರಳೆ ಬಣ್ಣದ ಉರುಟು ಹರಳುಗಳು. ಮೇರಿಯನ್ ವಿದ್ಯಾರ್ಥಿಯಾಗಿದ್ದಾಗ ಮೊದಲು ಓದಿದ ಬಂಡೆ ಅದು. ಅದರ ಇನ್ನೊಂದು ತುಂಡು ಭೂಕಂಪ ತರುವ ನೆಲದ ಬಿರುಕಿನ ಗುಂಟ ಜಾರುತ್ತ ಜಾರುತ್ತ ಉತ್ತರಕ್ಕೆ ಬಂದು, ಹಾಫ್ ಮೂನ್ ಬೇ ಆಚೆಯ ಸಮುದ್ರದ ತಳದಲ್ಲಿ ಒಂದು ಜಗಲಿಯಂತೆ ನಿಂತಿದೆ ಎಂಬುದು ಅವರ ನಂಬಿಕೆ. ಭೂಮಿ ಎಷ್ಟು ದೂರ ಸರಿದಿದೆ ಎಂಬ ಲೆಕ್ಕವೆಲ್ಲ ಅದರ ಮೇಲೆ ನಿಂತಿತ್ತು. ಆ ಜಗಲಿಯ ಹತ್ತಿರ ಚೀಲ ಎಳೆದಾಗ ಒಂದೆರಡು ಸಲ ಮರಳುಗಲ್ಲು ಬಂದಿತ್ತು. ಸಭೆಗಳಲ್ಲಿ ಅದನ್ನು ತೋರಿಸಿದರೆ ಉಳಿದವರು, "ನೆಂಟ ಇರಬಹುದಲ್ಲ?" ಎಂದು ಮುಗುಳ್ನಗುತ್ತಿದ್ದರು. ಮೇರಿಯನ್‌ಗೆ ಬೇಕಾಗಿದ್ದದ್ದು ಆ ಜಗಲಿಯಿಂದಲೇ, ಎಲ್ಲರೂ ನೋಡುತ್ತಿರುವಾಗಲೇ ಮುರಿದು ತೆಗೆದ ಒಂದೇ ಒಂದು ತುಂಡು.

ಅದು ಸಾಧ್ಯವಾಗುವ ಕಾಲ ಬಂದದ್ದು ನೀರಿನೊಳಗಿನ ಯಂತ್ರದ ಜೊತೆ. ಸಣ್ಣ ಕಾರಿನಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೆ ದೀಪಗಳು, ಕ್ಯಾಮೆರಾಗಳು, ಮುಂದೆ ಎರಡು ಉಕ್ಕಿನ ಕೈ. ಉದ್ದದ ಕೇಬಲ್ಲಿಗೆ ಕಟ್ಟಿ ಇಳಿಸುತ್ತಾರೆ. ನಡೆಸುವವರು ಹಡಗಿನ ಮೇಲೆ ಕತ್ತಲೆ ಕೋಣೆಯಲ್ಲಿ ಪರದೆ ನೋಡುತ್ತ ಕೂರುತ್ತಾರೆ. ಅದರ ಕೈ ನಡೆಸುವ ಕೆಲಸಕ್ಕೆ ಬಂದವನೇ ಪ್ರಕಾಶ ಕಾಮತ್, ಮಂಗಳೂರಿನವನು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ನನ್ನೊಡನೆ ಕನ್ನಡ. ಮೊದಲ ದಿನವೇ, "ಅಕ್ಕ, ಈ ಯಂತ್ರ ಏಡಿಯ ಹಾಗೆ ಉಂಟಲ್ಲ?" ಎಂದ. ಆಮೇಲೆ ನಮ್ಮಿಬ್ಬರ ಬಾಯಲ್ಲಿ ಅದರ ಹೆಸರು ಏಡಿ ಎಂದೇ ಆಯಿತು. ಅಷ್ಟು ವರ್ಷ ಹಡಗಿನ ಮೇಲೆ ಕನ್ನಡ ಕೇಳದ ನನಗೆ ಅವನು ಸಿಕ್ಕಿದ್ದೇ ಹಬ್ಬ. ಕೆಲಸದ ನಡುವೆಯೂ ನಮ್ಮ ಹರಟೆ ನಡೆದೇ ಇರುತ್ತಿತ್ತು. ಮೇರಿಯನ್ ಏನೂ ಅನ್ನುತ್ತಿರಲಿಲ್ಲ.

ಅದು ಮೇರಿಯನ್‌ರ ಕೊನೆಯ ಯಾನ. ವಾಪಸು ಬಂದ ಮೇಲೆ ಅವರು ನಿವೃತ್ತರಾಗುವವರಿದ್ದರು. ಜಗಲಿಯ ಹತ್ತಿರ ಕೆಲಸ ಮಾಡಲು ಒಂದೇ ದಿನದ ಅವಕಾಶ. ಮರುದಿನಕ್ಕೆ ಗಾಳಿ ಏಳುತ್ತದೆ ಎಂದು ಮುನ್ಸೂಚನೆ ಬಂದಿತ್ತು, ಅದರ ಮರುದಿನ ಹಡಗು ಬೇರೆಯವರ ಪಾಲು. ಏಡಿ ಇಳಿಯಿತು. ಪರದೆಯ ಮೇಲೆ ಹಾಲಿನ ಪುಡಿಯಂಥ ಕಣಗಳು ತೇಲಿ ಹೋದವು, ಆಮೇಲೆ ತಳ ಕಂಡಿತು, ಆಮೇಲೆ ಜಗಲಿ. ಅದರ ಆಚೆಗೆ ನೆಲ ಒಮ್ಮೆಗೇ ಕತ್ತಲೆಯ ಕಣಿವೆಗೆ ಇಳಿದಿತ್ತು. ಮೇರಿಯನ್ ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕುಳಿತರು.

ಜಗಲಿಯ ಅಂಚಿನಲ್ಲಿ ಹೊರಚಾಚಿದ ತುಟಿಯೊಂದು ಇತ್ತು. ಪ್ರಕಾಶ ಏಡಿಯ ಕೈಯಿಂದ ಅದನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸತೊಡಗಿದ. ಬಂಡೆ ಜಗ್ಗಲಿಲ್ಲ. ಮತ್ತೆ ಹಿಡಿದ, ಮತ್ತೆ ಅಲ್ಲಾಡಿಸಿದ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಕೊನೆಗೆ ಧೂಳು ಎದ್ದಿತು, ಕಲ್ಲು ಲಟ್ಟನೆ ಮುರಿಯಿತು. ಧೂಳು ಸರಿದಾಗ ದೀಪದ ಬೆಳಕಿನಲ್ಲಿ ಹೊಸ ಮುರಿತದ ಬೆಳ್ಳನೆಯ ಮುಖ, ಅದರ ಮೇಲೆ ಕಪ್ಪಗೆ ಒಂದಿಷ್ಟು ಚುಕ್ಕೆ, ಆ ಆಳದಲ್ಲಿ ನೇರಳೆಯೂ ಕಪ್ಪಾಗಿಯೇ ಕಾಣುತ್ತದೆ. ಹರಳುಗಳು! ಮೇರಿಯನ್ ಉಸಿರು ಬಿಗಿಹಿಡಿದರು. ನನಗೆ ಮೈಮೇಲಿನ ಎಚ್ಚರ ತಪ್ಪಿತು.

"ಭಾರಿ ಬಂತ ಬಿಡ್ರಿ!" ಎಂದೆ.

ಏಡಿಯ ಕೈ ತೆರೆಯಿತು. ಕಲ್ಲು ಜಗಲಿಯ ಅಂಚಿಗೆ ಬಡಿದು, ಒಮ್ಮೆ ಪುಟಿದು, ಕಣಿವೆಯೊಳಗೆ ಹೋಯಿತು. ಅಷ್ಟು ಆಳಕ್ಕೆ ನಮ್ಮ ಕೇಬಲ್ಲು ಎಟುಕುತ್ತಿರಲಿಲ್ಲ.

ಮೊದಲು ಬಾಯಿ ಬಿಟ್ಟವಳು ನಾನೇ.

"ಯಾಕ ಬಿಟ್ಯೋ ಪ್ರಕಾಶಾ?"

"ಎಂತ ಮಾರಾಯ್ರೆ, ನೀವೇ ಅಲ್ವಾ ಬಿಡ್ರಿ ಅಂದದ್ದು!"

"ಬಿಡ್ರಿ ಅಂದ್ರ ಬಿಡೂದಲ್ಲೋ! ಭಾರಿ ಐತಿ ಬಿಡ್ರಿ ಅಂತೀವಲ್ಲ, ಹಂಗ!"

"ನಿಮ್ಮ ಕಡೆಯ ಕನ್ನಡ ನಂಗೆ ಹೇಗೆ ಗೊತ್ತಾಗ್ಬೇಕು ಅಕ್ಕ? ನಂಗೆ ಕೇಳಿದ್ದು ಬಿಡ್ರಿ ಅಂತ ಮಾತ್ರ. ನಾನು ಬಿಟ್ಟೆ." ಅವನು ಕೆಲಸಕ್ಕೆ ಹೊಸಬ.

ಮೇರಿಯನ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, "ಆ ಪದದ ಅರ್ಥವೇನು?" ಎಂದು ಕೇಳಿದರು. ಪ್ರಕಾಶ, "ಕೈಬಿಡಿ ಅಂತ" ಎಂದ. ಅದೇ ಹೊತ್ತಿಗೆ ನಾನು, "ಅದ್ಭುತವಾಗಿದೆ ಅಂತ" ಎಂದೆ. ಅವರು ನಮ್ಮಿಬ್ಬರ ಮುಖವನ್ನೂ ನೋಡಿದರು. "ಒಂದೇ ಪದಕ್ಕೆ ಎರಡೂ ಅರ್ಥವೇ?"

"ಇನ್ನೊಂದೂ ಇದೆ. ಹೋಗಲಿ, ಮರೆತುಬಿಡಿ ಅಂತಲೂ ಆಗುತ್ತದೆ" ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಬಿಡ್ರಿ" ಎಂದು ಮೇರಿಯನ್ ಒಮ್ಮೆ ಮೆಲ್ಲಗೆ ಅಂದು ನೋಡಿದರು. ಬಾಯಿಗೆ ಸರಿಯಾಗಿ ಬರಲಿಲ್ಲ. "ಆ ಮೂರನೆಯ ಅರ್ಥವನ್ನು ಮಾತ್ರ ಇವತ್ತು ನನಗೆ ಹೇಳಬೇಡಿ, ಸುನಂದಾ" ಎಂದರು.

ಇನ್ನೊಂದು ತುಂಡು ಮುರಿಯಲು ನೋಡಿದೆವು. ಹೊರಚಾಚಿದ ತುಟಿ ಇದ್ದದ್ದು ಅದೊಂದೇ. ಉಳಿದ ಅಂಚೆಲ್ಲ ನುಣುಪು, ಕೈಗೆ ಹಿಡಿತ ಸಿಗಲಿಲ್ಲ. ಗಾಳಿ ಹೇಳಿದ್ದಕ್ಕಿಂತ ಬೇಗ ಎದ್ದಿತು, ಏಡಿಯನ್ನು ಮೇಲೆತ್ತಿದೆವು. ಬಂದರಿಗೆ ಬಂದ ಮೇಲೆ ಮೇಲಿನವರು ತಪ್ಪು ಯಾರದು ಎಂದು ಕೇಳಿದರು. ಪ್ರಕಾಶನ ಮುಖ ಬಿಳಿಚಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇರಿಯನ್, "ಕಲ್ಲಿಗೆ ಬರಲು ಮನಸ್ಸಿರಲಿಲ್ಲ" ಎಂದು ಹೇಳಿ ಎದ್ದು ಹೋದರು. ಆ ವಿಷಯ ಅಲ್ಲಿಗೆ ಮುಗಿಯಿತು. ಅನಘಾ, ಮೇಲಧಿಕಾರಿ ಹೇಗಿರಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಈ ಒಂದು ಸಂಗತಿಯನ್ನು ಹೇಳುತ್ತೇನೆ.

ಮೇರಿಯನ್ ಬರಿಗೈಯಲ್ಲಿ ನಿವೃತ್ತರಾದರು. ಕಂಟ್ರೋಲ್ ಕೋಣೆಯಲ್ಲಿ ಏಡಿ ನೀರಿನಲ್ಲಿರುವಾಗ ಇಂಗ್ಲಿಷ್ ಮಾತ್ರ ಎಂಬ ಸೂಚನೆಯ ಚೀಟಿ ಗೋಡೆಗೆ ಬಂತು. ಅದು ನಮ್ಮಿಬ್ಬರಿಗಾಗಿಯೇ ಬಂದದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಪ್ರಕಾಶ ಊಟದ ಮನೆಯಲ್ಲಿ ಉಪ್ಪಿನ ಡಬ್ಬಿ ಹಿಡಿದುಕೊಂಡು, "ಅಕ್ಕ, ಇದು ಭಾರಿಯಾ, ಅಲ್ಲ ಬಿಡ್ಲಾ?" ಎಂದು ರೇಗಿಸುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ಆ ಕಡೆ ಹಡಗು ಹೋದಾಗಲೆಲ್ಲ, ವಾಪಸು ಬರುವಾಗ ಜಗಲಿಯ ಹತ್ತಿರ ಅರ್ಧ ದಿನ ನಿಲ್ಲಿಸಿ ಎಂದು ನಾನು ಕೇಳದ ಯಾನವಿಲ್ಲ. ಒಂದು ಸಲ ಮಂಜು, ಒಂದು ಸಲ ಕೇಬಲ್ಲಿನ ತೊಂದರೆ, ಬಹಳ ಸಲ ಹೊಸ ಮುಖ್ಯಸ್ಥರ ಬೇರೆ ಕೆಲಸಗಳು. ಮೇರಿಯನ್ ಫೋನಿನಲ್ಲಿ ಆ ವಿಷಯ ಎತ್ತುತ್ತಿರಲಿಲ್ಲ. ಯಾನ ಹೇಗಿತ್ತು ಎಂದು ಕೇಳಿ, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮಗಳ ಬಗ್ಗೆ ವಿಚಾರಿಸುತ್ತಿದ್ದರು. ಆ ಒಂದು ಗಳಿಗೆ ನನಗೆ ಬಹಳ ಭಾರವಾಗಿರುತ್ತಿತ್ತು.

ನನ್ನ ಕೊನೆಯ ಯಾನದಲ್ಲಿ ಮುಖ್ಯಸ್ಥರು ತಾವಾಗಿಯೇ, "ನಿಮಗೆ ಬೀಳ್ಕೊಡುಗೆಯಾಗಿ ಕೇಕು ಬೇಕೋ, ಅರ್ಧ ದಿನ ಬೇಕೋ?" ಎಂದು ಕೇಳಿದರು. ನನಗೆ ಏನು ಬೇಕು ಎಂಬುದು ಅವರಿಗೂ ಗೊತ್ತಿತ್ತು. ಕೈ ನಡೆಸಲು ಕುಳಿತವನು ಪ್ರಕಾಶನೇ. ಈಗ ಅವನ ಕೂದಲೂ ಹಣ್ಣಾಗಿದೆ, ಹೊಸಬರಿಗೆ ಅವನೇ ಗುರು. ಏಡಿಯ ಕೈಗೂ ಈಗ ಬಂಡೆ ಕೊರೆಯುವ ಸಣ್ಣ ಗರಗಸ ಬಂದಿತ್ತು, ಹೊರಚಾಚಿದ ತುಟಿಯೇ ಬೇಕೆಂದಿರಲಿಲ್ಲ. ಕೂರುವ ಮೊದಲು ಅವನು ಕೈ ಮುಗಿದು, "ಸುನಂದಕ್ಕ, ದಯಮಾಡಿ ಇವತ್ತು ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ" ಎಂದ. ನಾನು ನನ್ನ ಡಬ್ಬಿಯಿಂದ ಒಂದು ಇಡೀ ಶೇಂಗಾ ಹೋಳಿಗೆ ಮಡಚಿ ಬಾಯಿಗೆ ತುರುಕಿಕೊಂಡೆ. ಪ್ರಪಂಚದಲ್ಲಿ ಯಾರೂ ಶೇಂಗಾ ಹೋಳಿಗೆ ತುಂಬಿದ ಬಾಯಿಯಿಂದ ಮಾತಾಡಲಾರರು.

ಗರಗಸ ಕೊರೆಯಿತು. ಕೈ ಹಿಡಿಯಿತು. ಅದೇ ಬೆಳ್ಳನೆಯ ಮುಖ, ಅದೇ ಕಪ್ಪು ಚುಕ್ಕೆಗಳು. ಪ್ರಕಾಶ ಉಸಿರಾಡದೆ ಕಲ್ಲನ್ನು ಏಡಿಯ ಬುಟ್ಟಿಯಲ್ಲಿ ಇಟ್ಟು, ಮುಚ್ಚಳ ಹಾಕಿದ ಮೇಲೆ ನನ್ನತ್ತ ತಿರುಗಿ, "ಈಗ ಹೇಳಿ ಅಕ್ಕ" ಎಂದ. ಹೋಳಿಗೆ ನುಂಗಲೂ ಆಗದೆ, ಉಗುಳಲೂ ಆಗದೆ ನಾನು ಅಳುತ್ತಿದ್ದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಪ್ರಯೋಗಾಲಯದಲ್ಲಿ ಕಲ್ಲನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆವು. ಕಪ್ಪು ಚುಕ್ಕೆಗಳು ನೇರಳೆ ಹರಳುಗಳಲ್ಲ. ಒಣಗಿ ಗಟ್ಟಿಯಾದ ಕೆಸರಿನ ಚೂರುಗಳು. ಮರಳೂ ಬೇರೆ, ಅದನ್ನು ಹಿಡಿದಿಟ್ಟ ಅಂಟೂ ಬೇರೆ. ಕಲ್ಲು ನೆಂಟನಲ್ಲ, ಖಂಡಿತ ಆ ಜಾಗದ ಮನೆಯವನೇ. ಆದರೆ ಮೇರಿಯನ್‌ರ ಬಂಡೆಯ ಸಂಬಂಧಿಕ ಮಾತ್ರ ಅಲ್ಲ. ನನ್ನ ಕೈಯಲ್ಲಿದ್ದದ್ದು ಅವರ ಜೀವಮಾನದ ನಂಬಿಕೆ ತಪ್ಪು ಎಂಬುದಕ್ಕೆ ಸಾಕ್ಷಿ. ಇದಕ್ಕಾಗಿಯೇ ನಾನು ಅಷ್ಟು ವರ್ಷ ಗೋಗರೆದೆನೇ ಅನ್ನಿಸಿತು.

ಗಂಡ, "ಹೇಳಲೇಬೇಕಾ? ಅವರಿಗೆ ಕಣ್ಣೂ ಕಾಣೋದಿಲ್ಲ. ಕಲ್ಲು ಸಿಕ್ತು ಅಂತ ಹೇಳಿ ಕೊಟ್ಟು ಬಾ, ಸಾಕು" ಎಂದರು. ಮೇರಿಯನ್ ಈಗ ನಮ್ಮ ಡ್ಯಾನ್‌ವಿಲ್‌ನಲ್ಲೇ ಹಿರಿಯರ ವಸತಿಯೊಂದರಲ್ಲಿ ಇದ್ದಾರೆ. ಕಣ್ಣಿನ ನಡುವಿನ ದೃಷ್ಟಿ ಹೋಗಿಬಿಟ್ಟಿದೆ, ಬೆಳಕು ನೆರಳು ಅಷ್ಟೇ. ಗಂಡ ಹೇಳಿದ್ದು ದಯೆಯ ಮಾತೇ. ಕಾರು ನಿಲ್ಲಿಸಿ ಅವರ ಕೋಣೆಯ ಬಾಗಿಲು ತಟ್ಟುವವರೆಗೂ ನಾನು ಹಾಗೇ ಮಾಡುವುದೆಂದು ನಿರ್ಧರಿಸಿದ್ದೆ.

"ತಂದಿದ್ದೇನೆ" ಎಂದೆ. ಏನನ್ನು ಎಂದು ಅವರು ಕೇಳಲಿಲ್ಲ. ಎರಡೂ ಕೈ ಚಾಚಿದರು.

ಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳುಗಳಿಂದ ನೋಡಿದರು. ಗರಗಸ ಹೋದ ನುಣುಪು ಬದಿ, ಕಿತ್ತು ಬಂದ ಒರಟು ಬದಿ. "ಮನೆಯವನೇ" ಎಂದರು. ಮುಖ ಅರಳಿತು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಒರಟು ಬದಿಯನ್ನು ಕೆರೆದರು. ಒಂದಿಷ್ಟು ಮರಳು ಉದುರಿತು. ಅವರ ಕೈ ನಿಂತಿತು. ದಕ್ಷಿಣದ ಆ ಬಂಡೆಯನ್ನು ಉಗುರಿನಿಂದ ಕೆರೆದರೆ ಉಗುರೇ ಸವೆಯುತ್ತದೆ. ಅವರು ಉದುರಿದ ಚೂರೊಂದನ್ನು ಬೆರಳಿಗೆ ಅಂಟಿಸಿಕೊಂಡು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಡಿದರು. ನಾನೂ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡೆ. ಏಕೆಂದು ಗೊತ್ತಿಲ್ಲ, ಅವರನ್ನು ಒಬ್ಬರೇ ತಿನ್ನಲು ಬಿಡಲಾಗಲಿಲ್ಲ.

"ಹರಳುಗಳು?" ಎಂದರು.

ಗಂಡನ ಮಾತು ನೆನಪಾಯಿತು. ಸಂದರ್ಶನದ ದಿನ ಅವರು ಮೇಜಿನ ಮೇಲಿಟ್ಟ ಬೂದು ಉಂಡೆಯೂ ನೆನಪಾಯಿತು. "ಹರಳುಗಳಲ್ಲ. ಕೆಸರಿನ ಚೂರು" ಎಂದೆ.

ಮೇರಿಯನ್ ಕಲ್ಲನ್ನು ತೊಡೆಯ ಮೇಲೆ ತಿರುಗಿಸಿ ಮತ್ತೆ ಒರಟು ಬದಿಗೆ ಬೆರಳಿಟ್ಟರು. ಹೊರಗೆ ಯಾರೋ ಊಟದ ಗಾಡಿ ತಳ್ಳಿಕೊಂಡು ಹೋದರು. ಕ್ಷಮಿಸಿ ಎನ್ನಲು ನಾನು ಬಾಯಿ ತೆರೆಯುತ್ತಿದ್ದಂತೆ ಅವರು ತಲೆಯೆತ್ತಿ, ಒಂದೊಂದೇ ಅಕ್ಷರವನ್ನು ಹಲ್ಲಿನ ನಡುವೆ ಇಟ್ಟು ನೋಡುವವರ ಹಾಗೆ, ನಮ್ಮ ಬಾಗಲಕೋಟೆಯ ಕನ್ನಡದಲ್ಲಿ ಹೇಳಿದರು:

"ಭಾರಿ ಐತಿ ಬಿಡ್ರಿ."

ಇಷ್ಟು ಚೆನ್ನಾಗಿ ಯಾರು ಕಲಿಸಿದರು ಎಂದರೆ ಪ್ರಕಾಶ ಕಲಿಸಿದ್ದಂತೆ, ಫೋನಿನಲ್ಲಿ. ಆ ಮಾತಿನ ಮೂರು ಅರ್ಥಗಳಲ್ಲಿ ಅವರ ಮನಸ್ಸಿನಲ್ಲಿದ್ದದ್ದು ಯಾವುದು ಎಂದು ನಾನು ಕೇಳಲಿಲ್ಲ. ನರ್ಸ್ ಬಂದು ಊಟಕ್ಕೆ ಕರೆದರು, ತಟ್ಟೆ ಇಡಲು ಜಾಗ ಮಾಡಿ ಎಂದರು, ನಾನು ತೆಗೆದಿಡಲೆಂದು ಕೈ ಚಾಚಿದೆ. ಮೇರಿಯನ್ ಕಲ್ಲನ್ನು ಮಾತ್ರ ಬಿಡಲಿಲ್ಲ.